ಒಂದು ಗೇಣು

ಶಿಂಷಾ ಹೊಳೆಯ ನೀರು ಕಲ್ಲುಬಸವನ ಪಾದ ಮುಟ್ಟಿದಾಗ ಬೆಳಗಿನ ಒಂಬತ್ತು ಗಂಟೆ. ಕೆಳಗೇರಿಯಲ್ಲಿ ಯಾರೂ ಗಾಬರಿ ಬೀಳಲಿಲ್ಲ. ಹೊಳೆಗೆ ಎಲ್ಲರಿಗಿಂತ ಹತ್ತಿರದ ಮನೆಯ ಚಿಕ್ಕಮಾದಮ್ಮ ಜಗುಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಸೋನೆ ಹಿಡಿದು ಮೂರು ದಿನವಾಗಿತ್ತು. ಮೇಲೆ ತುಮಕೂರು ಸೀಮೆಯ ಕೆರೆಗಳೆಲ್ಲ ಕೋಡಿ ಬಿದ್ದಿವೆ ಅಂತ ಬಸ್ಸಿನವರು ಹೇಳಿಕೊಂಡು ಓಡಾಡುತ್ತಿದ್ದರು.

"ಇನ್ನೂ ಪಾದ ಕಣ್ಲಾ ಸಿವರಾಮ. ಕತ್ತಿನ್ ಗಂಗೆದೊಗಲಿಗೆ ಬರೋ ಒತ್ಗೆ ಮದ್ಯಾನ ಕಳೀತದೆ. ಮುದ್ದೆ ಉಂಡ್ಕೊಂಡೇ ಓಗಾನ ಬುಡು" ಅಂದಳು, ಸೊಪ್ಪಿನಿಂದ ತಲೆ ಎತ್ತದೆ.

ಶಿವರಾಮು ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಅವಳ ಮುಂದೆ ನಿಂತಿದ್ದ. ಅವನು ಗಾರೆ ಕೆಲಸದ ಮೇಸ್ತ್ರಿ. ಆ ಬಸವ ಕೂತಿರುವ ಕಟ್ಟೆ ಕಟ್ಟಿದವನು ಅವನೇ. ನೀರು ಪಾದ ಮುಟ್ಟಿದೆ ಅಂದರೆ ಏನರ್ಥ ಅನ್ನುವುದು ಇಡೀ ಕೇರಿಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ ಬಾಯಿ ಹೊಲಿದುಕೊಂಡಿದ್ದ.

ಕೆಳಗೇರಿಯವರಿಗೆ ಹೊಳೆ ನೋಡುವುದಕ್ಕೆ ಅಜ್ಜಂದಿರ ಕಾಲದಿಂದ ಒಂದು ಕ್ರಮವಿತ್ತು. ದಡದಲ್ಲಿ ಕೂತ ಬಸವನ ಪಾದಕ್ಕೆ ನೀರು ಬಂದರೆ ಆಡು ಕುರಿ ಬಿಚ್ಚಬೇಕು. ಮಡಚಿದ ಮುಂಗಾಲಿಗೆ ಬಂದರೆ ರಾಗಿ ಚೀಲ ಅಟ್ಟಕ್ಕೆ ಹಾಕಬೇಕು. ಮೂತಿಗೆ ಮುಟ್ಟಿದರೆ, ಅಂದರೆ ಬಸವ ನೀರು ಕುಡಿಯಲು ಶುರುಮಾಡಿದರೆ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಶಾಲೆಯ ದಿಬ್ಬ ಹತ್ತಬೇಕು. ಯಾಕೆಂದರೆ ಈ ಹೊಳೆ ಎದುರಿನಿಂದ ಬಂದು ಬಾಗಿಲು ತಟ್ಟುವುದಿಲ್ಲ. ಕಳ್ಳನ ಹಾಗೆ ಕೇರಿಯ ಹಿಂದಿನ ಹಳ್ಳಕ್ಕೆ ನುಗ್ಗಿ ಶಾಲೆಯ ದಾರಿಯನ್ನೇ ಮೊದಲು ಮುಚ್ಚುತ್ತದೆ. ಬಸವ ಕುಡಿದ ಮೇಲೆ ದಾರಿ ಮುಚ್ಚುವುದಕ್ಕೆ ಒಂದು ಗಂಟೆ ಹೊತ್ತು ಸಿಗುತ್ತಿತ್ತು. ಅಷ್ಟು ಸಾಕಾಗುತ್ತಿತ್ತು.

ಮೂವತ್ತು ವರ್ಷ ಹಾಗೆ ನೋಡಿ ಹೇಳುತ್ತಿದ್ದವಳು ಶಿವರಾಮುವಿನ ತಾಯಿ ಬೆಳ್ಳಮ್ಮ. ಮಳೆಗಾಲ ಬಂತೆಂದರೆ ಬೆಳಕು ಹರಿಯುವಾಗಲೇ ಚೊಂಬು ಹಿಡಿದು ಹೊಳೆ ಕಡೆ ಹೋಗುವಳು. ಹೋಗುವಾಗ ಮೂರು ಸಲ ಗಂಟಲು ಕೆರೆಯುವಳು. ಆ ಸದ್ದು ಕೇಳಿದರೆ ಕೇರಿಯವರು, ಬೆಳ್ಳಮ್ಮ ಹೋದಳು, ಇನ್ನೊಂದು ಗಳಿಗೆ ಮಲಗಬಹುದು ಅಂತ ಮಗ್ಗುಲು ಬದಲಿಸುವರು. ಮನೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಪಟ ಇದ್ದವು; ಬಸವನಿಗೆ ಅವಳು ಒಂದು ದಿನವೂ ಕೈ ಮುಗಿದವಳಲ್ಲ. "ಊರೋರ್ಗೆ ಅದು ದ್ಯಾವ್ರು. ನಮ್ಗೆ ಅದು ಅಳತೆ" ಅನ್ನುತ್ತಿದ್ದಳು.

ಆ ಅಳತೆಯನ್ನು ಕೆಡಿಸಿದವನು ಅವಳ ಮಗ.

ಬೇಕೆಂದು ಕೆಡಿಸಲಿಲ್ಲ, ಆ ಮಾತು ಬೇರೆ. ಮೂರು ವರ್ಷದ ಹಿಂದೆ ಊರಿನ ದೇವಸ್ಥಾನದ ಕಮಿಟಿಯವರು ಬಸವ ಹೂಳಿನಲ್ಲಿ ಇಳಿದುಹೋಗುತ್ತಿದ್ದಾನೆ, ಒಂದು ಕಟ್ಟೆ ಕಟ್ಟಿ ಕೂರಿಸೋಣ ಅಂತ ತೀರ್ಮಾನ ಮಾಡಿದರು. ಕೆಲಸ ಶಿವರಾಮುವಿಗೆ ಬಂತು. ಕೆಳಗೇರಿಯವರೆಲ್ಲ ಆ ಹದಿನೈದು ದಿನ ಕೊಪ್ಪದ ಕಡೆ ಕಬ್ಬು ಕಡಿಯಲು ಹೋಗಿದ್ದರು. ಮೊದಲ ವರಸೆ ಕಲ್ಲು ಕೂರಿಸಿದ ಸಂಜೆ ಬೆಳ್ಳಮ್ಮ ಕಾಲಲ್ಲೇ ದಾರಿ ತಡವರಿಸಿಕೊಂಡು ಅಲ್ಲಿಗೆ ಬಂದಳು. ಅವಳ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ದೊಡ್ಡ ವಸ್ತು ಕಾಣುತ್ತಿತ್ತು, ಸಣ್ಣದು ಕಾಣುತ್ತಿರಲಿಲ್ಲ.

"ಎಷ್ಟ್ ಎತ್ತೀಯಲಾ ಇವ್ನ?" ಅಂತ ಕೇಳಿದಳು.

ಶಿವರಾಮು ಫೋನಿನಲ್ಲಿ ಸಿಮೆಂಟು ಅಂಗಡಿಯವನ ಹತ್ತಿರ ಜಗಳ ಆಡುತ್ತಿದ್ದ. "ಗೇಣು ಕಣವ್ವ, ಒಂದು ಗೇಣು" ಅಂದ. ಅವಳು ತನ್ನ ಹೆಬ್ಬೆರಳು ಕಿರುಬೆರಳು ಅಗಲಿಸಿ ಗಾಳಿಯಲ್ಲೇ ಒಮ್ಮೆ ಅಳೆದುಕೊಂಡು, ಕೈ ಮುಚ್ಚಿಕೊಂಡು ಹೊರಟುಹೋದಳು. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ. ಕಟ್ಟೆ ಒಂದು ಗೇಣೇ ಇತ್ತು.

ಮಾರನೆಯ ದಿನ ಕಮಿಟಿಯ ರಘುನಂದನ್ ಬೈಕಿನಲ್ಲಿ ಬಂದು, ಸ್ಟ್ಯಾಂಡ್ ಹಾಕದೆಯೇ ನಿಂತು, "ಮಾಡೋದೇ ಮಾಡ್ತಿದೀಯ, ಇನ್ನೂ ನಾಲ್ಕು ವರಸೆ ಏರ್ಸು ಶಿವರಾಮು. ವರ್ಷವರ್ಷವೂ ದೇವ್ರು ಕೊಚ್ಚೆ ನೀರು ಕುಡೀಬೇಕಾ?" ಅಂದರು. ಒಂದು ವರಸೆಗೆ ಒಂದು ಗೇಣು. ಶಿವರಾಮು ಏರಿಸಿದ. ಸುತ್ತ ದೂರದ ತನಕ ಇಳಿಜಾರಾಗಿ ಮಣ್ಣು ತುಂಬಿಸಿ ಚಪ್ಪಡಿ ಹಾಸಿದ. ಕೆಳಗಿನ ನಾಲ್ಕು ವರಸೆ ಮಣ್ಣಿನೊಳಗೆ ಹೋಗಿ, ಕಬ್ಬು ಕಡಿದು ಬಂದವರ ಕಣ್ಣಿಗೆ ಒಂದು ಗೇಣು ಕಟ್ಟೆ ಮಾತ್ರ ಕಂಡಿತು. ಕೆಲಸ ಅಚ್ಚುಕಟ್ಟಾಗಿ ಬಂದಿತ್ತು. ಪೂಜೆಯ ದಿನ ಕಟ್ಟಿದವನು ಚಪ್ಪಡಿಯ ಆಚೆ ನಿಂತು, ದೂರದಿಂದಲೇ ನೋಡಿ ಹಿಗ್ಗಿದ. ಅವ್ವನಿಗೆ ಹೇಳಬೇಕು ಅಂತ ಅಂದುಕೊಂಡ. ಅಷ್ಟರಲ್ಲಿ ಚಿಕ್ಕರಸಿನಕೆರೆಯಲ್ಲಿ ಒಂದು ಮನೆಯ ಕೆಲಸ ಸಿಕ್ಕಿತು, ಮರೆತ. ಅಷ್ಟೇ. ಬೇರೆ ಕಾರಣವೇ ಇಲ್ಲ.

ಬೆಳ್ಳಮ್ಮ ಕೇರಿಗೆಲ್ಲ ಹೊಸ ಗುರುತು ಹೇಳಿದಳು. ಮಗ ಒಂದು ಗೇಣು ಎತ್ತಿದ್ದಾನೆ, ಇನ್ನು ಮೂತಿ ಮುಟ್ಟುವ ತನಕ ಕಾಯಬೇಡಿ, ಕೊರಳ ಕೆಳಗಿನ ಗಂಗೆದೊಗಲು ಮುಟ್ಟಿದರೆ ಎದ್ದುಬಿಡಿ ಅಂದಳು. ಅದಾದ ವರ್ಷವೇ ಹೊಳೆ ಬಂತು. ಬೆಳಗ್ಗೆ ಅವಳು ಹೋಗಿ ನೋಡಿ ಬಂದು, ನೀರು ಇನ್ನೂ ಮುಂಗಾಲಿಗೇ ಬಂದಿಲ್ಲ, ಹೊತ್ತಿದೆ ಅಂದಳು. ಅದನ್ನು ನಂಬಿ ಚಿಕ್ಕಮಾದಮ್ಮ ಡೈರಿಗೆ ಹಾಲು ಹಾಕಲು ಹೋದಳು. ಮನೆಯೊಳಗೆ ಅವಳ ಗಂಡ ಮಾದಯ್ಯ ಮಂಚದ ಮೇಲಿದ್ದ. ಲಕ್ವ ಹೊಡೆದು ನಾಲ್ಕು ವರ್ಷವಾಗಿತ್ತು. ಹಾಲು ಹಾಕಿ ತಿರುಗಿ ಬರುವಷ್ಟರಲ್ಲಿ ಹಿಂದಿನ ಹಳ್ಳ ತುಂಬಿ ದಾರಿ ಮುಚ್ಚಿತ್ತು. ಇದ್ದವರು ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ದಾಟಿದರು. ಬೆಳ್ಳಮ್ಮ ದಾಟಲಿಲ್ಲ. ಮಾದಯ್ಯನನ್ನು ಎಳೆದು ತರುತ್ತೇನೆ ಅಂತ ಚಿಕ್ಕಮಾದಮ್ಮನ ಮನೆಗೆ ನುಗ್ಗಿದವಳು ಹೊರಗೆ ಬರಲಿಲ್ಲ. ಅವನು ಮಂಚದ ಹತ್ತಿರವೇ ಸಿಕ್ಕಿದ. ಅವಳು ಮೂರನೆಯ ದಿನ, ಎರಡು ಮೈಲಿ ಕೆಳಗೆ, ಒಂದು ಪಂಪ್‌ಸೆಟ್ಟಿನ ಮನೆಯ ಬೇಲಿಗೆ ಸಿಕ್ಕಿಕೊಂಡಿದ್ದಳು.

ಸತ್ತವಳ ಮೇಲೆ ಕೇರಿಗೆ ಕರುಣೆ ಬರಲಿಲ್ಲ. ಕಣ್ಣು ಕಾಣದವಳು ಕಾಣುತ್ತದೆ ಅಂತ ಹೇಳಿಕೊಂಡು ಎರಡು ಜೀವ ತೆಗೆದಳು ಅಂದರು. ಶಿವರಾಮುವಿನ ಅಪ್ಪ ಕರಿಯಯ್ಯ ಕೂಡ ಅದನ್ನೇ ಅಂದ. ಅಂದದ್ದಲ್ಲದೆ ಹೆಂಡತಿಯ ಹೆಸರು ಎತ್ತುವುದನ್ನೇ ಬಿಟ್ಟ. ಚಿಕ್ಕಮಾದಮ್ಮ ಮಾತ್ರ ಬಿಡಲಿಲ್ಲ. ದಿನಾ ಬೆಳಗ್ಗೆ ಅಂಗಳಕ್ಕೆ ನೀರು ಹಾಕುತ್ತಾ, ಶಿವರಾಮು ಕೆಲಸಕ್ಕೆ ಹೊರಡುವ ಹೊತ್ತು ನೋಡಿಕೊಂಡೇ, "ಕುಲ್ಡಿ, ನನ್ ಗಂಡನ್ನ ತಿಂದ್ಲು" ಅನ್ನುವಳು. ಅವನು ಕರಣೆ ಚೀಲ ಹೆಗಲಿಗೆ ಹಾಕಿ ತಲೆ ತಗ್ಗಿಸಿ ನಡೆದುಬಿಡುವನು.

ಅಳೆದು ನೋಡಬೇಕಾಗಿರಲಿಲ್ಲ. ಅವ್ವನ ಹೆಣ ಇಳಿಸಿ ಮಣ್ಣು ಹಾಕುವಾಗಲೇ ಅವನಿಗೆ ಎಲ್ಲಾ ಹೊಳೆದಿತ್ತು. ಈಗಿನ ಪಾದ ಇರುವುದು ಆಗಿನ ಮೂತಿಗಿಂತ ಮೇಲೆ. ಅವ್ವ ಸರಿಯಾಗಿ ನೋಡಿದ್ದಳು. ಅವನು ಹೇಳಿದ್ದ ಗೇಣು ಸುಳ್ಳಾಗಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ದಿನ ದೂಡಿದ. ಮರುವರ್ಷ ಮಳೆಯೇ ಬರಲಿಲ್ಲ, ಹೊಳೆ ಒಣಗಿ ಮಕ್ಕಳು ಅದರೊಳಗೆ ಕ್ರಿಕೆಟ್ ಆಡಿದರು, ಹೇಳದೆ ಇರುವುದು ಇನ್ನೂ ಸುಲಭವಾಯಿತು. ಆದರೆ ಬೆಳಗಿನ ಜಾವ ಹೊರಗೆ ಗಂಟಲು ಕೆರೆಯುವ ಸದ್ದು ಕೇಳಿ ಎದ್ದು ಕೂರುವನು. ಬಾಗಿಲು ತೆಗೆದರೆ ಬೀದಿ ಖಾಲಿ. ಒಂದು, ಎರಡು, ಮೂರು ಅಂತ ಲೆಕ್ಕಕ್ಕೆ ಸರಿಯಾಗಿ ಕೇಳುತ್ತಿತ್ತು. ಹೆಂಡತಿಗೆ ಹೇಳಿದರೆ ನಾಯಿ ಇರಬೇಕು ಅಂದಳು. ಗೇಣು ಅನ್ನುವ ಮಾತನ್ನೇ ಅವನು ಬಾಯಿಂದ ತೆಗೆದುಬಿಟ್ಟಿದ್ದ. ಕೆಲಸದಲ್ಲಿ ಒಂಬತ್ತು ಇಂಚು ಅನ್ನುತ್ತಿದ್ದ.

ಈಗ ಆ ನೀರು ಮತ್ತೆ ಬಂದು ಪಾದದ ಹತ್ತಿರ ನಿಂತಿತ್ತು.

"ಅತ್ತೆ, ಮುದ್ದೆ ಗಿದ್ದೆ ಬ್ಯಾಡ. ಈಗ್ಲೇ ಎದ್ದೇಳಿ. ಅಳ್ಳದ ದಾರಿ ಮುಚ್ಕೊಂಡ್ರೆ ಆಮ್ಯಾಕೆ ಏನೂ ಮಾಡಕಾಗಕಿಲ್ಲ" ಅಂದ.

"ಯಾರ್ ಯೋಳುದ್ರು?"

ಅವನ ಮಗಳು ಅರುಂಧತಿ, ಮದ್ದೂರಿನ ಕಾಲೇಜಿಗೆ ಹೋಗುವವಳು, ಪಂಚಾಯ್ತಿಯವರು ಕಳಿಸಿದ ಮೆಸೇಜನ್ನು ಜೋರಾಗಿ ಓದಿದಳು. ಅಕ್ಕಪಕ್ಕದ ಜಗುಲಿಗಳಲ್ಲಿ ಕೂತಿದ್ದವರು ನಕ್ಕರು. ಅದೇ ಮೆಸೇಜು ನಿನ್ನೆಯೂ ಬಂದಿತ್ತು, ಮೊನ್ನೆಯೂ ಬಂದಿತ್ತು. ಮೊನ್ನೆ ಅದನ್ನು ನಂಬಿ ಗಂಟುಮೂಟೆ ಹೊತ್ತು ಶಾಲೆಗೆ ಹೋದವರು ಸೊಳ್ಳೆ ಕಚ್ಚಿಸಿಕೊಂಡು ವಾಪಸ್ಸು ಬಂದಿದ್ದರು.

ಚಿಕ್ಕಮಾದಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಅವನನ್ನು ನೆಟ್ಟಗೆ ನೋಡಿದಳು. "ನಿಮ್ಮವ್ವನ ಮಾತ್ ಕೇಳಿ ಒಂದ್ಸಲ ಕೆಟ್ಟಿದೀವಿ. ಈಗ ಮಗನ್ ಮಾತ್ ಬ್ಯಾರೆ ಕೇಳ್ಬೇಕಾ? ನನ್ ಕಣ್ಣೇನ್ ಕುಲ್ಡಲ್ಲ. ಬಸವಪ್ಪನ ಕಾಲು ನಂಗೆ ಕಾಣ್ತಾ ಐತೆ. ನಿಂಗೆ ಬಯ ಆದ್ರೆ ನಿಮ್ಮಪ್ಪನ ಎತ್ಕೊಂಡು ಓಗು."

ಸರಿಯಾದ ಮಾತೇ. ಅಪ್ಪನನ್ನೂ ಮಗಳನ್ನೂ ಕರೆದುಕೊಂಡು ಹೋದರೆ ಅವನ ಮನೆಯ ಮಟ್ಟಿಗೆ ಮುಗಿಯುತ್ತಿತ್ತು. ಹೆಂಡತಿ ಬಸರಾಳಿನ ತವರಿಗೆ ತಮ್ಮನ ಹೆಂಡತಿಯ ಬಾಣಂತನಕ್ಕೆ ಅಂತ ಹೋಗಿದ್ದಳು. ನಾನು ಹೇಳುವುದು ಹೇಳಿದೆ, ಕೇಳದಿದ್ದರೆ ಯಾರೇನು ಮಾಡಲಿಕ್ಕಾಗುತ್ತದೆ ಅಂತ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಾ ಅವನು ಮನೆ ಕಡೆ ಹೆಜ್ಜೆ ಹಾಕಿದ.

ಹಿಂದೆ ಯಾರೋ ಗಂಟಲು ಕೆರೆದರು.

ಅವನ ಕಾಲು ನಿಂತವು. ಹಗಲು ಹೊತ್ತಿನಲ್ಲಿ, ಇಷ್ಟು ಜನರ ನಡುವೆ ಆ ಸದ್ದು ಯಾವತ್ತೂ ಕೇಳಿರಲಿಲ್ಲ. ಎರಡನೆಯ ಸಲ ಕೇಳಿತು. ತಿರುಗಿ ನೋಡುವುದಕ್ಕೆ ಧೈರ್ಯ ಸಾಲಲಿಲ್ಲ. ಮೂರನೆಯದು ಕೇಳುವ ತನಕ ಮಳೆಯಲ್ಲಿ ನೆನೆಯುತ್ತಾ ನಿಂತುಕೊಂಡ. ಮೂರನೆಯದು ಬರಲಿಲ್ಲ. ಅದು ಬಾರದಿದ್ದದ್ದು ಬಂದದ್ದಕ್ಕಿಂತ ಹೆಚ್ಚು ಹೆದರಿಸಿತು. ಓಡಿ ಮನೆಯೊಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ಮಟ್ಟದ ಪೈಪನ್ನು ಕೆಳಗಿಳಿಸಿದ.

ಗಾಜಿನ ಹಾಗೆ ಒಳಗಿನದು ಕಾಣುವ, ಬೆರಳು ಗಾತ್ರದ ನೂರು ಅಡಿ ಪೈಪು. ಅದರೊಳಗೆ ನೀರು ತುಂಬಿ ಎರಡು ತುದಿಯನ್ನು ಎಷ್ಟು ದೂರಕ್ಕೆ ಹಿಡಿದರೂ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟ ನೋಡಿಯೇ ಪಾಯ ಹಾಕುವುದು. ಶಿವರಾಮು ಪೈಪಿನ ಒಂದು ತುದಿಯನ್ನು ಕೊಡದೊಳಗೆ ಇಳಿಬಿಟ್ಟು ಇನ್ನೊಂದು ತುದಿಗೆ ಬಾಯಿ ಹಚ್ಚಿ ನೀರು ಎಳೆದ. ಅವಸರದಲ್ಲಿ ನಡುವೆ ಎರಡು ಸಲ ಗಾಳಿಗುಳ್ಳೆ ಸೇರಿಕೊಂಡಿತು. ಬಾಗಿಲ ಪಕ್ಕ ಕಂಬಳಿ ಹೊದ್ದು ಕೂತಿದ್ದ ಕರಿಯಯ್ಯ, "ಈ ಮಳೇಲಿ ಅದ್ಯಾವ ಪಾಯ ಆಕಕ್ ಓಯ್ತಿದ್ದೀಲಾ?" ಅಂದ. ಮಗ ಪೈಪಿನ ಎರಡೂ ತುದಿಯನ್ನು ಬೆರಳಲ್ಲಿ ಮುಚ್ಚಿಕೊಂಡು ಹೊರಗೆ ಬಂದ.

"ಇದ ಅತ್ತೆ ಮನೆ ಗ್ವಾಡೆಗೆ ಇಡ್ಕೊ. ಅಳ್ಳಾಡಿಸ್ಬ್ಯಾಡ" ಅಂತ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಹೊಳೆ ಕಡೆ ಇಳಿದ.

ಚಪ್ಪಡಿಯ ಮೇಲೆ ನೀರು ಕಣಕಾಲಿಗೆ ಬರುತ್ತಿತ್ತು. ಅವನು ಕಟ್ಟೆ ಹತ್ತಿದ. ಪೂಜೆ ಆದಮೇಲೆ ಕೆಳಗೇರಿಯವರು ಯಾರೂ ಅದರ ಮೇಲೆ ಕಾಲಿಟ್ಟಿರಲಿಲ್ಲ, ಕಟ್ಟಿದವನೂ ಇಟ್ಟಿರಲಿಲ್ಲ. ಹಿಂದಿನಿಂದ ಯಾರೋ, "ಲೇ, ಕಟ್ಟೆ ಅತ್ತವ್ನೆ ನೋಡ್ರಲಾ" ಅಂದದ್ದು ಕೇಳಿಸಿತು. ಪೈಪಿನ ತುದಿಯನ್ನು ಬಸವನ ಮೂತಿಗೆ ಒತ್ತಿ, ಒಳಗಿನ ನೀರು ಮೂಗಿನ ಹೊಳ್ಳೆಯ ನೇರಕ್ಕೆ ಬರುವ ಹಾಗೆ ಹಿಡಿದ. ಕಲ್ಲು ತಣ್ಣಗಿತ್ತು. "ನೀರು ನಿಂತ್ತೇನವ್ವಾ?" ಅಂತ ಮಗಳಿಗೆ ಕೂಗಿದ.

"ನಿಂತ್ತು, ಅಪ್ಪ" ಅಂತ ಅರುಂಧತಿ ಕೂಗಿದಳು. ಒಲೆಯ ಇದ್ದಿಲು ತೆಗೆದುಕೊಂಡು ಪೈಪಿನ ನೀರು ನಿಂತ ಕಡೆ ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಗೆರೆ ಹೊಸ್ತಿಲಿನಿಂದ ಎರಡು ಗೇಣು ಮೇಲಿತ್ತು.

ಜಗುಲಿಗಳಲ್ಲಿದ್ದವರು ಎದ್ದು ಬಂದು ಗೋಡೆಯ ಮುಂದೆ ನಿಂತರು. ಮೂವತ್ತು ವರ್ಷದಿಂದ ಕೇಳಿಕೊಂಡು ಬಂದ ಮಾತು ಎಲ್ಲರಿಗೂ ಗೊತ್ತಿತ್ತು: ಬಸವನ ಮೂತಿ ಕೇರಿಯ ಎಲ್ಲಾ ಹೊಸ್ತಿಲಿಗಿಂತ ಕೆಳಗೆ. ಚಿಕ್ಕಮಾದಮ್ಮ ಮನೆಯೊಳಗೆ ಹೋದಳು. ಗೋಡೆಯ ಆಚೆ ಬದಿಯಲ್ಲಿ ಮಾದಯ್ಯನ ಮಂಚ ಹಾಗೇ ಇತ್ತು. ಕಿಟಕಿಯಿಂದ ಕೈ ಹೊರಗೆ ಚಾಚಿ ಗೆರೆಯನ್ನು ಮುಟ್ಟಿ, ಅದೇ ಮಟ್ಟಕ್ಕೆ ಒಳಗೆ ಇನ್ನೊಂದು ಕೈ ಇಟ್ಟಳು. ಅದು ಮಂಚದ ಹಲಗೆಯ ಮೇಲೆ ಬಂತು.

ಶಿವರಾಮು ಕಟ್ಟೆ ಇಳಿದು ಬಂದು ಕಿಟಕಿಯ ಎದುರಿಗೆ ನಿಂತ.

"ಬಸವ ಕುಡಿಯೋ ಒತ್ಗೆ ಮಾವ ಮಲ್ಗಿದ್ದ ಮಂಚ ಮುಳುಗಿರ್ತದೆ, ಅತ್ತೆ. ಅವತ್ತೂ ಅಂಗೇ ಆದದ್ದು. ಗೇಣು ಎತ್ತಿದೀನಿ ಅಂತ ಅವ್ವಂಗೆ ಯೋಳ್ದೆ. ಆಮ್ಯಾಲೆ ಐದು ಗೇಣು ಎತ್ದೆ. ಅದ ಯೋಳ್ನಿಲ್ಲ. ಮರ್ತೋದೆ. ಅವ್ವನ ಕಣ್ಣು ಸರಿಯಾಗೇ ಇದ್ದೋ. ಈಗ ನೀರು ಪಾದಕ್ಕೆ ಬಂದೈತಲ್ಲ, ಕಟ್ಟೆ ಕಟ್ಟಕ್ ಮುಂಚೆ ಆಗಿದ್ರೆ ಬಸವ ಕುಡ್ದು ಮುಳುಗಿರೋನು."

ಕಿಟಕಿಯ ಸರಳಿನ ಆಚೆ ಚಿಕ್ಕಮಾದಮ್ಮನ ಮುಖ ಅರ್ಧ ಕಾಣುತ್ತಿತ್ತು.

"ಯಾವತ್ತಿಂದ ಗೊತ್ತು ನಿಂಗೆ?"

"ಅವ್ವಂಗೆ ಮಣ್ಣಾಕ್ದಾಗ್ನಿಂದ."

"ಎರಡ್ ವರ್ಸ" ಅಂದಳು ಅವಳು. ದನಿ ಏರಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಎರಡ್ ವರ್ಸ ದಿನಾ ಬೆಳಗ್ಗೆ ನಿನ್ ಮುಂದ್ಗಡೇನೇ ಆ ಮುದ್ಕೀನ ಬೈದೆ ನಾನು. ನನ್ ಗಂಡನ್ನ ಉಳಿಸಕ್ ಓಗಿ ಸತ್ತೋಳ್ನ. ನೀನು ಕೇಳುಸ್ಕೊಂಡು ಚೀಲ ಏರುಸ್ಕೊಂಡು ಕೆಲ್ಸಕ್ ಓಯ್ತಿದ್ದೆ. ಅವ್ಳ ಬಾಯಿಗ್ ಮಣ್ ಬಿದ್ದಿತ್ತು, ಸರಿ. ನಿಂಗೇನಾಗಿತ್ಲಾ?"

ಅವನು ತಲೆ ತಗ್ಗಿಸಿ ಪೈಪನ್ನು ಸುರುಳಿ ಸುತ್ತತೊಡಗಿದ.

ಅವಳು ಹೊರಗೆ ಬಂದು ಬಿಡಿಸಿಟ್ಟ ಸೊಪ್ಪನ್ನು ಮೊರದ ಸಮೇತ ಬೀದಿಗೆ ಎಸೆದಳು. "ಏನ್ ನೋಡ್ತಾ ನಿಂತಿದೀರಿ? ಆಡು ಬಿಚ್ರಪ್ಪ. ಕೂಸುಗಳ್ನ ಮೊದ್ಲು ದಾಟ್ಸಿ" ಅಂದಳು.

ಅರ್ಧ ಗಂಟೆಯಲ್ಲಿ ಕೆಳಗೇರಿ ಖಾಲಿಯಾಯಿತು. ಶಿವರಾಮು ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡು ಎಲ್ಲರಿಗಿಂತ ಕೊನೆಗೆ ಹೊರಟ. ಹಳ್ಳದಲ್ಲಿ ಆಗಲೇ ಮೊಣಕಾಲಿಗೆ ನೀರಿತ್ತು, ದಾಟಿ ತಿರುಗಿ ನೋಡುವುದರೊಳಗೆ ಸೊಂಟಕ್ಕೆ ಬಂದಿತ್ತು. ಬೀದಿಯಲ್ಲಿ ನಡೆದದ್ದೆಲ್ಲ ಬೆನ್ನ ಮೇಲಿದ್ದ ಮುದುಕನಿಗೆ ಕೇಳಿಸಿತ್ತೋ ಇಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಲೆಯಲ್ಲಿ ಕಲ್ಲು ಹೂಡಿ ಒಲೆ ಹಚ್ಚಿ ಅನ್ನಕ್ಕೆ ಇಟ್ಟಿದ್ದರು. ಆಡುಗಳು ತರಗತಿಯೊಳಗೆ ನುಗ್ಗಿ ಗಲಾಟೆ ಮಾಡುತ್ತಿದ್ದವು. ಎಲ್ಲರೂ ಒತ್ತಿಕೊಂಡು ಕೂತಿದ್ದರು, ಶಿವರಾಮುವಿಗೆ ಮಾತ್ರ ಯಾರೂ ಸರಿದು ಜಾಗ ಕೊಡಲಿಲ್ಲ. ಅವನೂ ಕೇಳಲಿಲ್ಲ. ಸೂರಿನ ಹೊರಗೆ ಮೆಟ್ಟಿಲ ಹತ್ತಿರ ನೆನೆಯುತ್ತಾ ನಿಂತುಕೊಂಡ. ಹೆಗಲ ಮೇಲೆ ಸುರುಳಿ ಸುತ್ತಿದ ಪೈಪಿತ್ತು. ಅದನ್ನು ಯಾಕೆ ಹೊತ್ತು ತಂದನೋ ಅವನಿಗೇ ಗೊತ್ತಿರಲಿಲ್ಲ.

ಕರಿಯಯ್ಯ ಕಂಬಕ್ಕೆ ಒರಗಿ ಕೂತಿದ್ದ. ಅವನಿಗೂ ದೂರದ್ದು ಕಾಣುತ್ತಿರಲಿಲ್ಲ.

"ಕೂಸೇ, ಬಸವ ಎಷ್ಟ್ ಮುಳುಗವ್ನೆ?" ಅಂತ ಮೊಮ್ಮಗಳನ್ನು ಕೇಳಿದ.

ಅರುಂಧತಿ ತುದಿಗಾಲಲ್ಲಿ ನಿಂತು ನೋಡಿದಳು. "ಗಂಗೆದೊಗಲಿಗೆ ಮುಟ್ತಾ ಐತೆ ತಾತ."

"ಈಗಾ?"

"ಈಗ."

"ಚಿಕ್ಕಮಾದಮ್ಮನ ಮನೆ?"

"ಹೊಸ್ತಿಲು ಕಾಣ್ತಿಲ್ಲ. ಬಾಗಿಲೊಳಕ್ಕೆ ನೀರು ಹೋಗ್ತಾ ಐತೆ."

ಒಲೆಯ ಮುಂದಿದ್ದ ಚಿಕ್ಕಮಾದಮ್ಮ ಕೊಳವೆ ಊದುವುದನ್ನು ನಿಲ್ಲಿಸಿ ಮುದುಕನ ಕಡೆ ನೋಡಿದಳು.

"ಅವತ್ತು ಬೆಳಗ್ಗೆ ನೋಡ್ಕೊಂಡ್ ಬಂದ್ಳಲ್ಲ, ಬಂದು ಒಂದ್ ಗಳಿಗೆ ಅಂಗೇ ನಿಂತ್ಕಂಡ್ಳು" ಅಂದ ಕರಿಯಯ್ಯ. ಎರಡು ವರ್ಷದ ಮೇಲೆ ಅವನು ಹೆಂಡತಿಯ ಮಾತೆತ್ತಿದ್ದು ಅದೇ ಮೊದಲು. "ಯಾಕೋ ನೀರು ಅಳ್ಳಕ್ ಬಂದಂಗ್ ಸಬ್ದ ಆಯ್ತದೆ, ಸಿವರಾಮ ಗೇಣು ಅಂತಾನೇ ಅಲ್ವಾ ಅಂದಿದ್ದು, ಅಂತ ನನ್ನ ಕೇಳುದ್ಳು. ಊಂ ಅಂದೆ. ಓಗಿ ಇನ್ನೊಂದ್ಸಲ ಕೇಳ್ಕೊಂಡ್ ಬತ್ತೀಯಾ ಅಂದೆ. ಬ್ಯಾಡ ಅಂದ್ಳು." ಅವನು ಕಂಬಳಿಯ ತುದಿಯಿಂದ ಮೂಗು ಒರೆಸಿಕೊಂಡ. "ಅವ್ನು ಮೇಸ್ತ್ರಿ, ನನ್ ಕಣ್ಣು ಬೇಕಾರೆ ತಪ್ಪಾದಾವು, ನನ್ ಮಗನ ಅಳತೆ ತಪ್ಪಾಗಕಿಲ್ಲ ಅಂದ್ಳು."

ಶಿವರಾಮು ಮೆಟ್ಟಿಲ ಮೇಲೆ ಕೂತ. ಹೆಗಲಿನಿಂದ ಜಾರಿದ ಪೈಪು ಸುರುಳಿ ಬಿಚ್ಚಿಕೊಂಡು ಅವನ ಕಾಲ ಬಳಿ ಬಿತ್ತು. ಅದರೊಳಗೆ ಸ್ವಲ್ಪ ನೀರು ಇನ್ನೂ ಉಳಿದಿತ್ತು. ಅದು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಸರಿದು, ಮಟ್ಟ ಸಿಕ್ಕಿದ ಕಡೆ ನಿಂತಿತು.